ಪಡಸಾಲೆಯಲ್ಲೊಂದು ಕರ್ನಲ್ ಪ್ಯಾನಿಕ್

ಬಸವನ ಬಾಗೇವಾಡಿಗೆ ನಾನು ಸೊಸೆಯಾಗಿ ಬಂದಾಗ ಸಿಂದಗಿಯ ತವರುಮನೆಯಿಂದ ಟೆಂಪೋದಲ್ಲಿ ಬಂದ ಸಾಮಾನಿನಲ್ಲಿ ತಿಜೋರಿ, ಗಾದಿ, ತಾಮ್ರದ ಹಂಡೆಗಳ ಜೊತೆಗೆ ಒಂದು ಕಂಪ್ಯೂಟರೂ ಇತ್ತು. ಓಣಿಯ ಹೆಂಗಸರು ಅದನ್ನು ಟಿವಿ ಎಂದು ತಿಳಿದು ಅಂದೇ ಸಂಜೆ ಧಾರಾವಾಹಿ ನೋಡಲು ಬಂದು ಕೂತರು. ನಾನು ಹೊಸ ಮದುಮಗಳು, ತಲೆ ತಗ್ಗಿಸಿ ಕೂತಿರಬೇಕಾದವಳು. ಆದರೆ ಸಿಟ್ಟು ನನಗೆ ಯಾವಾಗಲೂ ಮೂಗಿನ ತುದಿಯಲ್ಲೇ. "ಇದು ಟಿವಿ ಅಲ್ರಿ, ಇದರಾಗ ಏನೂ ಬರಂಗಿಲ್ರಿ" ಎಂದುಬಿಟ್ಟೆ. "ಏನೂ ಬರಂಗಿಲ್ಲಾಂದ್ರ ಇದನ್ಯಾಕ ತಂದಿ?" ಎಂದು ಅವರಲ್ಲೊಬ್ಬರು ಕೇಳಿದರು.

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ನಮ್ಮ ಕಡೆ ಗಂಡುಹುಡುಗರು ಕಂಪ್ಯೂಟರ್ ಕಲಿಯಬೇಕೆಂದರೆ ಬಿಜಾಪುರದ ಬಸ್ಸು ಹತ್ತಿದರೆ ಮುಗಿಯಿತು. ಹುಡುಗಿಯರು ಅದೇ ಬಸ್ಸು ಹತ್ತಬೇಕೆಂದರೆ ಮನೆಯಲ್ಲಿ ದೊಡ್ಡ ಪಂಚಾಯಿತಿ. "ಸಂಜೀಕ ತಡಾ ಆದ್ರ? ಜೋಡಿ ಯಾರದಾರ?" ಎಂದು ಶುರುವಾದದ್ದು "ಕಲತು ಏನ್ ಮಾಡೂದೈತಿ" ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ನಾನು ಬಿಜಾಪುರದ ಹಾಸ್ಟೆಲ್ಲಿನಲ್ಲಿದ್ದು ಕಂಪ್ಯೂಟರ್ ಡಿಪ್ಲೊಮಾ ಮಾಡಿದವಳು. ಮನೆಯಲ್ಲೇ ಹುಡುಗಿಯರಿಗೊಂದು ಕ್ಲಾಸು ತೆಗೆದರೆ ಹೇಗೆ ಎಂಬ ಹುಳ ತಲೆಯೊಳಗೆ ಹೊಕ್ಕಿತು.

ನಮ್ಮದು ಹಳೆಯ ಮನೆ. ಮುಂದೆ ಉದ್ದನೆಯ ಪಡಸಾಲೆ, ಹಿಂದೆ ಅಡುಗೆಮನೆ, ಎರಡರ ನಡುವೆ ಮಣ್ಣಿನ ದಪ್ಪ ಗೋಡೆ. ಇದ್ದವರು ನಾವು ನಾಲ್ಕೇ ಜನ: ಮಾವ, ಅತ್ತಿ, ನನ್ನ ಗಂಡ, ನಾನು. ಮಾವನವರಿಗೆ ಮುಳವಾಡದ ಕಡೆ ಹೊಲ. ಮಾತು ಕಡಿಮೆ, ಆಡಿದ್ದು ಆಡಿದ್ದೇ. ಗಂಡ ಓಣಿಯ ಆ ಕಡೆ, ಮನೆಗೆ ಎದುರಾಗಿ, ಎಸ್‌ಟಿಡಿ ಬೂತು ಇಟ್ಟಿದ್ದರು. ಊರಿನ ಅರ್ಧ ಜನ ಅಲ್ಲಿ ಫೋನು ಮಾಡಲು ಬಂದರೆ ಇನ್ನರ್ಧ ಜನ ಬೇರೆಯವರು ಏನು ಮಾತಾಡುತ್ತಾರೆಂದು ಕೇಳಲು ಬರುತ್ತಿದ್ದರು.

ಪಡಸಾಲೆ ಕೊಡುತ್ತೀರಾ ಎಂದು ಮಾವನವರನ್ನು ಕೇಳಿದಾಗ ಅವರು ಎಲೆ ಅಡಿಕೆ ಜಗಿಯುತ್ತ ಬಹಳ ಹೊತ್ತು ಜಂತಿ ನೋಡಿದರು. "ನಮ್ಮ ಪಡಸಾಲಿ ಸುಗ್ಗಿ ಮುಗದಮ್ಯಾಲ ಖಾಲಿನ ಇರತೈತಿ. ನಡಸವಾ, ನೋಡೂಣು" ಎಂದರು. ಅತ್ತಿ ಏನೂ ಹೇಳಲಿಲ್ಲ. ಮರುದಿನ ನಾನು ಏಳುವುದರೊಳಗೆ ಪಡಸಾಲೆಯಲ್ಲಿದ್ದ ತಮ್ಮ ಬುಟ್ಟಿ, ಮೊರ, ಚಾಪೆಗಳನ್ನೆಲ್ಲ ಅಡುಗೆಮನೆಗೆ ಸಾಗಿಸಿ ನೆಲ ಸಾರಿಸಿಟ್ಟಿದ್ದರು.

ಹುಡುಗಿಯರು ಬಂದೇ ಬಂದರು. ಊರಿನವರು ಕೆಲವರು, ಗೊಳಸಂಗಿಯಿಂದ ಬಸ್ಸಿಗೆ ಬರುವವರು ಕೆಲವರು. ಮನೆಯೊಳಗಿನ ಕ್ಲಾಸು, ಕಲಿಸುವವಳು ಸೊಸೆ, ಒಳಗೆ ಅತ್ತಿ ಇರುತ್ತಾರೆ ಎಂದ ಮೇಲೆ ಅಪ್ಪಂದಿರಿಗೂ ತಕರಾರು ಎತ್ತಲು ಏನೂ ಸಿಗಲಿಲ್ಲ.

ಅವರಿಗಾಗಿ ತಂದದ್ದು ಬಿಜಾಪುರದ ಯಾವುದೋ ಆಫೀಸಿನವರು ತೆಗೆದುಹಾಕಿದ ಹಳೆಯ ಯಂತ್ರಗಳು. ಒಂದಕ್ಕೊಂದು ಜೋಡಿಸಲು ಅವುಗಳ ಜೊತೆ ಬಂದದ್ದು ಅದೇ ಕಾಲದ ದುಂಡನೆಯ ಕರಿ ವೈರು. ಗಂಡನ ಬೂತಿನಿಂದ ಓಣಿ ದಾಟಿಸಿ ಎಳೆದದ್ದು ಹೊಸ ಕಾಲದ ನೀಲಿ ವೈರು, ಇಂಟರ್ನೆಟ್ಟು ಬರುವುದು ಅದರಲ್ಲಿ. ಕರಿ ವೈರಿನ ಮೂತಿ ನೀಲಿ ವೈರಿನ ಯಂತ್ರಕ್ಕೆ ಹೊಂದುವುದಿಲ್ಲ, ನೀಲಿಯದು ಕರಿಗೆ ಹೊಂದುವುದಿಲ್ಲ. ಇಂಡಿ ಊರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನನ್ನ ಹಾಸ್ಟೆಲ್ ಗೆಳತಿಗೆ ಫೋನು ಮಾಡಿ ಗೋಳು ತೋಡಿಕೊಂಡೆ. ಆಕೆ ಲಿನಕ್ಸಿನ ಹುಚ್ಚಿ. ಯುನಿಕ್ಸಿನ ಜಾತಿಗೆ ಸೇರಿದ, ಕಂಪ್ಯೂಟರನ್ನು ನಡೆಸುವ, ಪುಕ್ಕಟೆ ಸಿಗುವ ಆ ವ್ಯವಸ್ಥೆಯ ಬಗ್ಗೆ ಮಾತಿಗೆ ಕೂತರೆ ಊಟದ ನೆನಪೂ ಇರುತ್ತಿರಲಿಲ್ಲ.

"ಏ, ಅದಕ್ಕ್ಯಾಕ ಅಳ್ತೀ? ನಿನ್ನ ತವರಿನ ಕಂಪ್ಯೂಟರ್ ಐತಲ್ಲ, ಅದರಾಗ ಎರಡು ನೆಟ್‌ವರ್ಕ್ ಕಾರ್ಡ್ ಹಾಕು. ಒಂದಕ್ಕ ಕರಿ ವೈರು, ಇನ್ನೊಂದಕ್ಕ ನೀಲಿ ವೈರು. ನಡುವ ಬ್ರಿಜ್ ಕಟ್ಟು. ಉಳದದ್ದು ಲಿನಕ್ಸ್ ನೋಡ್ಕೋತೈತಿ" ಎಂದಳು. ಲಿನಕ್ಸಿನ ಸಿ.ಡಿ.ಯನ್ನು ಬಸ್ಸಿನ ಕಂಡಕ್ಟರರ ಕೈಯಲ್ಲಿ ಕೊಟ್ಟು ಕಳಿಸಿದಳು.

ಈ ಬ್ರಿಜ್ಜು ಎನ್ನುವುದು ಏನು ಎಂದು ಹುಡುಗಿಯರಿಗೆ ನಾನು ಹೇಳುತ್ತಿದ್ದದ್ದು ಹೀಗೆ. ಎರಡು ಓಣಿ ಕೂಡುವಲ್ಲಿ ಒಬ್ಬ ಅಜ್ಜಿ ಕೂತಿದ್ದಾಳೆ. ಈ ಓಣಿಯವರು ಯಾರನ್ನೋ ಕೂಗಿದರೆ ಆಕೆ ಆ ಓಣಿಗೂ ಕೂಗಿ ಹೇಳುತ್ತಾಳೆ. "ಓ" ಎಂದವರು ಯಾವ ಕಡೆಯವರು ಎಂದು ನೆನಪಿಟ್ಟುಕೊಳ್ಳುತ್ತಾಳೆ. ಮುಂದೆ ಅವರಿಗೆ ಬಂದ ಮಾತನ್ನು ಆ ಕಡೆಗೆ ಮಾತ್ರ ದಾಟಿಸುತ್ತಾಳೆ. ನನ್ನ ತವರಿನ ಕಂಪ್ಯೂಟರು ಆ ಅಜ್ಜಿಯ ಕೆಲಸಕ್ಕೆ ನಿಂತಿತು.

ಅದನ್ನು ಇಡಲು ನಾನು ಹುಡುಕಿದ ಜಾಗ ಪಡಸಾಲೆಗೂ ಅಡುಗೆಮನೆಗೂ ನಡುವಿನ ಗೋಡೆಯ ಕಿಂಡಿ. ಹಿಂದಿನ ಕಾಲದಲ್ಲಿ ಊಟದ ತಾಟು ದಾಟಿಸಲು ಬಿಟ್ಟದ್ದಂತೆ. ಮಲಗಿಸಿದ ಪೆಟ್ಟಿಗೆ ಅದರೊಳಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಮುಖ ಪಡಸಾಲೆಗೆ, ಬೆನ್ನು ಅಡುಗೆಮನೆಯೊಳಕ್ಕೆ ಒಂದು ಗೇಣು ಚಾಚಿತ್ತು. ಅದಕ್ಕೆ ಪರದೆ ಇರಲಿಲ್ಲ. ಕೆಳಗೊಂದು ಹಲಗೆಯ ಮೇಲೆ ಕೀಲಿಮಣೆ ಮಾತ್ರ ಇಟ್ಟಿದ್ದೆ. ಅದರ ಹೊಟ್ಟೆಯೊಳಗೆ ಏನಾಗಿದೆ ನೋಡಬೇಕೆಂದರೆ ಪಕ್ಕದ ಯಂತ್ರದ ಪರದೆ ಬಿಚ್ಚಿ ಹೊತ್ತು ತರಬೇಕು.

ಬೇಸಿಗೆ ಪೂರ್ತಿ ಒಂದು ದಿನವೂ ಅದು ಹಟ ಮಾಡಲಿಲ್ಲ. ನಮ್ಮ ಬೇಸಿಗೆ ಗೊತ್ತಲ್ಲ, ಮಧ್ಯಾಹ್ನ ನಾಯಿಗಳೂ ಬೀದಿಗೆ ಇಳಿಯುವುದಿಲ್ಲ. ಅಂಥದರಲ್ಲಿ ಅದು ಗಿರ್ರ್ ಎಂದು ತಿರುಗುತ್ತಲೇ ಇತ್ತು. ನಾನು ಸಿಂದಗಿಗೆ ಫೋನು ಮಾಡಿ ಅಪ್ಪನ ಮುಂದೆ ಕೊಚ್ಚಿಕೊಂಡೆ.

ಆಷಾಢದ ಗಾಳಿ ಶುರುವಾಗಿ, ಮೋಡ ಕವಿದು ಜಿಟಿಜಿಟಿ ಹನಿ ಹಿಡಿದ ಒಂದು ಮಧ್ಯಾಹ್ನ ಗೊಳಸಂಗಿಯ ಹುಡುಗಿಯೊಬ್ಬಳು "ಮ್ಯಾಡಂ, ಹೋತ್ರಿ!" ಎಂದು ಕೂಗಿದಳು. ಎಲ್ಲ ಯಂತ್ರಗಳೂ ಇಂಟರ್ನೆಟ್ಟು ಕಳೆದುಕೊಂಡು ಮುಖ ಸಪ್ಪೆ ಮಾಡಿಕೊಂಡಿದ್ದವು. ಕಿಂಡಿಯ ಕೆಳಗಿನ ಕೀಲಿಮಣೆಯಲ್ಲಿ ದೀಪಗಳು ಮಿಣಿಮಿಣಿ ಮಿಣುಕುತ್ತಿದ್ದವು. ಪರದೆ ಹೊತ್ತು ತಂದು ಜೋಡಿಸಿದರೆ ಕರಿ ಹಲಗೆಯ ಮೇಲೆ ಬಿಳಿ ಅಕ್ಷರದ ಜಾತ್ರೆ, ಕೊನೆಯ ಸಾಲಿನಲ್ಲಿ ಕರ್ನಲ್ ಪ್ಯಾನಿಕ್. ಕರ್ನಲ್ ಎಂದರೆ ಲಿನಕ್ಸಿನ ತಿರುಳು, ಉಳಿದೆಲ್ಲವನ್ನೂ ನಡೆಸುವ ಭಾಗ. ಅದಕ್ಕೇ ದಿಕ್ಕು ತಪ್ಪಿದರೆ ಮುಂದೆ ಏನು ಮಾಡಲೂ ಧೈರ್ಯ ಸಾಲದೆ ಅಲ್ಲೇ ನಿಂತುಬಿಡುತ್ತದೆ.

ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ. ಏನೂ ಆಗಿಯೇ ಇಲ್ಲ ಎನ್ನುವ ಹಾಗೆ ಎದ್ದು ಕೂತಿತು. ಮರುದಿನ ಮಧ್ಯಾಹ್ನ ಮತ್ತೆ ಬಿತ್ತು. ಅದರ ಮರುದಿನವೂ ಬಿತ್ತು. ಹುಡುಗಿಯರು ಕೂಗಿದ ಕೂಡಲೇ ಅಡುಗೆಮನೆಯಲ್ಲಿ ಅತ್ತಿಯೂ ಗಡಬಡಿಸಿ ಏಳುವ ಸದ್ದು ಕೇಳುತ್ತಿತ್ತು. "ಮತ್ತ ಬಿತ್ತೇನ ಯವ್ವಾ? ನೀ ನೋಡ್ಕೋ, ನಾ ಈ ಕಡೆ ಎಲ್ಲಾ ಸರಸತೇನಿ" ಎನ್ನುತ್ತಿದ್ದರು. ಎಷ್ಟು ಕಾಳಜಿ ಇವರಿಗೆ ಎಂದುಕೊಳ್ಳುತ್ತ ನಾನು ಪರದೆ ಬಿಚ್ಚಲು ಓಡುತ್ತಿದ್ದೆ.

ಮೊದಲು ಕೈಗೆ ಸಿಕ್ಕ ಕಳ್ಳ ನನ್ನ ಗಂಡ. ಬೂತಿನ ಹಬ್ಬು, ಅಂದರೆ ನೀಲಿ ವೈರುಗಳೆಲ್ಲ ಬಂದು ಕೂಡುವ ಡಬ್ಬಿ, ಹೇಗಿದೆ ನೋಡೋಣವೆಂದು ಹೋದರೆ ಒಂದೇ ವೈರಿನ ಎರಡೂ ತುದಿ ಅದೇ ಡಬ್ಬಿಗೆ ಸಿಕ್ಕಿಸಿಟ್ಟಿದ್ದಾರೆ.

"ಇದನ್ಯಾರು ಹಿಂಗ ಮಾಡಿದ್ರು?"

"ನಾನ. ಒಂದು ತುದಿ ಸುಮ್ನ ಜೋತಬಿದ್ದಿತ್ತು, ಬಂದವ್ರ ಕಣ್ಣಿಗೆ ಚೆಂದ ಕಾಣಂಗಿಲ್ಲ ಅಂತ ಸಿಗಿಸಿದೆ."

ಹೋದ ಮಾತು ಅದೇ ದಾರಿಯಲ್ಲಿ ತಿರುಗಿ ಬಂದು, ಮತ್ತೆ ಹೋಗಿ, ಡಬ್ಬಿಯ ದೀಪಗಳೆಲ್ಲ ಹುಚ್ಚು ಹಿಡಿದಂತೆ ಕುಣಿಯುತ್ತಿದ್ದವು. ಅಂದು ಬೂತಿನ ಗಿರಾಕಿಗಳಿಗೆ ಫೋನಿಗಿಂತ ಒಳ್ಳೆಯ ಮನರಂಜನೆ ಸಿಕ್ಕಿತು, ನಾನು ಬಾಯಿ ತೆಗೆದಿದ್ದೆ. ವೈರು ಕಿತ್ತು ಕೈಯಲ್ಲಿ ಹಿಡಿದುಕೊಂಡು ಜಯ ಸಿಕ್ಕವಳಂತೆ ಮನೆಗೆ ಬಂದೆ. ಮಧ್ಯಾಹ್ನ ಕರ್ನಲ್ ಮತ್ತೆ ಬಿತ್ತು. ಗಂಡ ಓಣಿಯ ಆ ಕಡೆಯಿಂದ ನನ್ನನ್ನು ನೋಡಿ ಮೀಸೆಯಲ್ಲೇ ನಕ್ಕರು.

ಅಷ್ಟರಲ್ಲಿ ಮಾವನವರ ಕಿವಿಗೆ ಮಾತು ಬೀಳತೊಡಗಿತ್ತು. ಗುಡಿಯ ಕಟ್ಟೆಯ ಮೇಲೆ ಯಾರೋ ಕೇಳಿದರಂತೆ, "ಗೌಡ್ರ, ನಮ್ಮ ಹುಡುಗಿ ಬಸ್ಸಿಗೆ ಹೋಗಿ ಸುಮ್ನ ತಿರಿಗಿ ಬರಾಕತ್ತೈತಿ, ಏನ್ ಕಲಸ್ತಾರ ನಿಮ್ಮನ್ಯಾಗ?" ಮಾವನವರಿಗೆ ಬೈಗುಳಕ್ಕಿಂತ ಇಂಥ ಮಾತು ಹೆಚ್ಚು ನೋಯಿಸುತ್ತಿತ್ತು. ಅದೇ ವಾರ ಗೊಬ್ಬರದ ಅಂಗಡಿಯವರೊಬ್ಬರು ಪಡಸಾಲೆಯನ್ನು ಗೋದಾಮಿಗೆ ಬಾಡಿಗೆಗೆ ಕೇಳಿಕೊಂಡು ಬಂದರು.

ಸಂಜೆ ಊಟಕ್ಕೆ ಕೂತಾಗ ಮಾವ ನನ್ನ ಕಡೆ ನೋಡದೆ ಹೇಳಿದರು. "ಪಂಚಮಿ ತನಕ ನೋಡತೇನವಾ. ಅಷ್ಟರಾಗ ಇದು ಬೀಳೂದು ನಿಂತ್ರ ಕ್ಲಾಸ್ ನಡೀಲಿ. ಮಂದಿ ಹೆಣ್ಮಕ್ಕಳ್ನ ಕರಸಿ ವಾಪಸ್ ಕಳಸೂದು ನಮ್ಮನಿಗೆ ಶೋಭಾ ತರಂಗಿಲ್ಲ. ಪಂಚಮಿ ಮುಗದ ಮರುದಿನ ಗೊಬ್ಬರದವ್ರು ಬರತಾರ, ಅವ್ರಿಗೆ ಒಂದು ಮಾತು ಹೇಳಬೇಕು." ಬೇರೆ ಯಾರಾದರೂ ಆಗಿದ್ದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಅವರು ಹೇಳಿದ್ದು ನ್ಯಾಯವೇ ಆಗಿತ್ತು, ಅದಕ್ಕೇ ಹೆಚ್ಚು ಸಂಕಟವಾಯಿತು. ಪಡಸಾಲೆ ಹೋದರೆ ಕ್ಲಾಸು ಹೋದಂತೆ, ಕ್ಲಾಸು ಹೋದರೆ ನಾನು ಬೆಳಗಿನಿಂದ ಸಂಜೆಯವರೆಗೆ ಆ ಮನೆಯಲ್ಲಿ ಯಾರು ಎಂದು ನನಗೇ ತಿಳಿಯುತ್ತಿರಲಿಲ್ಲ. ಕೈತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಸ್ವಲ್ಪ ಅತ್ತೆ.

ಮರುದಿನ ಬಿದ್ದಾಗ ಗೆಳತಿಗೆ ಫೋನು ಹಚ್ಚಿಸಿದೆ. ಫೋನು ಇರುವುದು ಬೂತಿನಲ್ಲಿ, ಪರದೆ ಇರುವುದು ಪಡಸಾಲೆಯಲ್ಲಿ. ಬಾಗಿಲಿನಿಂದ ನಾನು ಪರದೆಯ ಮೇಲಿನ ಅಕ್ಷರ ಅಂಕಿಗಳನ್ನು ಒಂದೊಂದಾಗಿ ಕೂಗುವುದು, ಆ ಕಡೆ ಗಂಡ ಅದನ್ನೇ ಫೋನಿನಲ್ಲಿ ಇಂಡಿಗೆ ಕೂಗುವುದು. "ಸಿ, ಸೊನ್ನಿ, ಒಂದು, ಎರಡು, ಎಫ್!" ಎಂದು ನಾನು. "ಸಿ, ಸೊನ್ನಿ, ಒಂದು, ಎರಡು, ಎಫ್ ಅಂತ್ರಿ!" ಎಂದು ಅವರು. ನಡುವೆ ಓಣಿಯಲ್ಲಿ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವರು ನಿಂತು, ಯಾರದಾದರೂ ಪರೀಕ್ಷೆಯ ಫಲಿತಾಂಶ ಬಂದಿದೆಯೇ, ಪಾಸಾದವರು ಯಾರು ಎಂದು ಕೇಳಿದರು. ಗಂಡನಿಗೆ ಒಂದಕ್ಷರದ ಅರ್ಥವೂ ಗೊತ್ತಿರಲಿಲ್ಲ, ಆದರೆ ಒಂದನ್ನೂ ತಪ್ಪಿಸಲಿಲ್ಲ. ವೈರಿನ ವಿಷಯಕ್ಕೆ ಅವರನ್ನು ಬೈದದ್ದೆಲ್ಲ ಅಂದೇ ಮನಸ್ಸಿನಿಂದ ಅಳಿಸಿಹೋಯಿತು.

ಗೆಳತಿ ಮೊದಮೊದಲು ಬ್ರಿಜ್ಜಿನ ಮೇಲೇ ಅನುಮಾನ ಪಟ್ಟಳು. "ಹೊಸಾ ಕರ್ನಲ್ ಕಟ್ಟು, ಅದರಾಗ ಬ್ರಿಜ್ಜಿನ ತಪ್ಪು ತಿದ್ದ್ಯಾರ" ಎಂದಳು. ಕರ್ನಲ್ ಕಟ್ಟುವುದೆಂದರೆ ಸಾವಿರಾರು ಕಡತಗಳನ್ನು ಯಂತ್ರ ಒಂದೊಂದಾಗಿ ಓದಿ, ಅರೆದು, ಒಂದು ಮುದ್ದೆ ಮಾಡುವುದು. ನನ್ನ ತವರಿನ ಯಂತ್ರಕ್ಕೆ ಅದು ಬೆಳಗಿನಿಂದ ಸಂಜೆಯವರೆಗಿನ ಕೆಲಸ. ಬೆಳಿಗ್ಗೆ ಕೂಡಿಸಿದರೆ ಮಧ್ಯಾಹ್ನ ನಡುವೆಯೇ ನಿಂತಿತು. ಮರುದಿನ ಮತ್ತೆ ಕೂಡಿಸಿದೆ, ಮತ್ತೆ ನಿಂತಿತು, ಈ ಸಲ ಬೇರೆ ಕಡತದ ಮೇಲೆ.

"ಬ್ಯಾರೆ ಬ್ಯಾರೆ ಕಡೆ ನಿಂದರತೈತೇನು? ಹಂಗಾದ್ರ ಇದು ಬ್ರಿಜ್ಜಿನ ತಪ್ಪಲ್ಲ, ಲಿನಕ್ಸಿನ ತಪ್ಪೂ ಅಲ್ಲ. ಬರೆದದ್ದು ತಪ್ಪಿದ್ರ ದಿನಾ ಅದ ಜಾಗಾದಾಗ ಎಡವಬೇಕು. ಇದು ಪೆಟ್ಟಿಗಿದ ಜಡ್ಡು. ಮೆಮೊರಿ ಇರಬೇಕು, ಇಲ್ಲಾ ಕಾಯಾಕತ್ತೈತಿ" ಎಂದಳು ಗೆಳತಿ.

"ಕಾಯಾಕತ್ತೈತೇನು? ಬ್ಯಾಸಿಗ್ಯಾಗ ಬೀಳಲಾರದ್ದು ಈ ತಂಪಿನ್ಯಾಗ ಕಾದು ಬೀಳತೈತಿ ಅಂತೀಯಲ್ಲ, ನಿನಗ ತಲಿ ಐತೇನು?" ಎಂದು ನಾನು ಸಿಡುಕಿದೆ. ಆಕೆಯೂ ಸುಮ್ಮನಿರುವವಳಲ್ಲ. "ನಾನ ಬರತೇನಿ. ನಿನ್ನ ಬಾಯಿ ಮತ್ತ ನಿನ್ನ ಪೆಟ್ಟಿಗಿ ಎರಡೂ ಬಿಚ್ಚಿ ನೋಡತೇನಿ" ಎಂದು ಫೋನು ಇಟ್ಟಳು.

ಪಂಚಮಿ ಹತ್ತಿರ ಬಂದಿತ್ತು. ನಮ್ಮ ಕಡೆ ನಾಗರ ಪಂಚಮಿಯ ಹಿಂದಿನ ದಿನ ರೊಟ್ಟಿ ಹಬ್ಬ. ಮನೆಮನೆಯಲ್ಲಿ ಜೋಳದ, ಸಜ್ಜೆಯ ಖಡಕ್ ರೊಟ್ಟಿ ಮಾಡಿ, ಪಲ್ಯ, ಚಟ್ನಿಪುಡಿಯಂಥ ಹಿಂಡಿ ಇಟ್ಟು ಓಣಿಯವರೆಲ್ಲ ಒಬ್ಬರಿಗೊಬ್ಬರು ಹಂಚುತ್ತಾರೆ. ಅತ್ತಿಯವರಿಗೆ ಮುದ್ದೇಬಿಹಾಳದಲ್ಲಿ, ತಂಗಡಗಿಯಲ್ಲಿ ಕೊಟ್ಟ ಹೆಣ್ಣುಮಕ್ಕಳು, ಅವರ ಬೀಗರು, ಹೀಗೆ ಬಳಗ ದೊಡ್ಡದು. ಎಲ್ಲರಿಗೂ ಗಂಟು ಕಟ್ಟಿ ಕಳಿಸಬೇಕೆಂದು ಆಷಾಢದಿಂದಲೇ ದಿನಾ ಬೆಳಿಗ್ಗೆ ಟಪಟಪ ಬಡಿಯಲು ಕೂರುತ್ತಿದ್ದರು. ಆ ಸದ್ದು ಕೇಳುತ್ತಲೇ ನಾನು ಕ್ಲಾಸು ಶುರು ಮಾಡುತ್ತಿದ್ದೆ.

ಗೆಳತಿ ಬಂದದ್ದು ಒಂದು ಸೋಮವಾರ. ಇಂಡಿಯಿಂದ ಬಸ್ಸು ಬದಲಿಸಿ, ಜೋಳಿಗೆಯಂಥ ಚೀಲ ಹೊತ್ತು ಇಳಿದವಳು ನೀರು ಕುಡಿದ ಕೂಡಲೇ ಕಿಂಡಿಯ ಮುಂದೆ ಕೂತಳು. ಅಂದು ಇಡೀ ದಿನ ಯಂತ್ರ ಕೆಮ್ಮಲೂ ಇಲ್ಲ. ಆಗ ಒಬ್ಬ ಹುಡುಗಿ, "ಮ್ಯಾಡಂ, ಸ್ವಾಮವಾರ ಇದು ಯಾವತ್ತೂ ಬಿದ್ದಿಲ್ರಿ" ಎಂದಳು. ಹೌದಲ್ಲ! ಎಷ್ಟು ನೆನಪಿಸಿಕೊಂಡರೂ ಸೋಮವಾರ ಬಿದ್ದದ್ದು ಒಂದೂ ಸಿಗಲಿಲ್ಲ. ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ ಮಾವ ಎಂದೂ ಇಲ್ಲದೆ ಬಾಯಿ ಬಿಟ್ಟರು. "ಬಸವಣ್ಣನ ವಾರ. ಸ್ವಾಮವಾರ ನಾವು ಎತ್ತಿನ ಹೆಗಲಿಗೆ ನೊಗಾ ಹಚ್ಚಂಗಿಲ್ಲ. ನಿಮ್ಮ ಪೆಟ್ಟಿಗಿಗೂ ಅಷ್ಟು ತಿಳೀತೈತಿ ಅಂದಂಗಾತು" ಎಂದು ಹೇಳಿ ಹೆಗಲ ಮೇಲಿನ ಟಾವೆಲಿನಿಂದ ನಗು ಒರೆಸಿಕೊಂಡರು. ಗೆಳತಿಗೆ ಇದು ನಗುವ ವಿಷಯ ಎನಿಸಲಿಲ್ಲ. ಸೋಮವಾರ ಈ ಮನೆಯಲ್ಲಿ ಏನು ಆಗುವುದಿಲ್ಲ ಎಂದು ಕೇಳುತ್ತ ಕೂತಳು. ಕರೆಂಟಿನ ಹೊತ್ತು, ನೀರೆತ್ತುವ ಮೋಟಾರು, ಗಂಡನ ಝರಾಕ್ಸು ಮಷೀನು ಎಲ್ಲ ಕೇಳಿದಳು. ಅವೆಲ್ಲ ಸೋಮವಾರವೂ ನಡೆಯುವಂಥವೇ.

ಮಂಗಳವಾರ ಬೆಳಿಗ್ಗೆ ಪೆಟ್ಟಿಗೆಯನ್ನು ಕಿಂಡಿಯಿಂದ ಇಳಿಸಿ, ಮುಚ್ಚಳ ತೆಗೆದು, ಪಡಸಾಲೆಯ ನಡುವೆ ಚಾಪೆಯ ಮೇಲೆ ಇಟ್ಟು ಕರ್ನಲ್ ಕಟ್ಟಲು ಕೂಡಿಸಿದೆವು. ಸಂಜೆಯ ಹೊತ್ತಿಗೆ ಒಂದೂ ತಪ್ಪಿಲ್ಲದೆ ಕಟ್ಟಿ ಮುಗಿಸಿತು. ಮೆಮೊರಿ ಪರೀಕ್ಷೆ ಮಾಡಿದರೆ ಅದೂ ಸರಿಯಾಗಿಯೇ ಇತ್ತು. ಗೆಳತಿ ತಲೆ ಕೆರೆದುಕೊಂಡಳು. ಗೆದ್ದೆವು ಎಂದು ನಾನು ಹುಡುಗಿಯರಿಗೆಲ್ಲ ಬೆಲ್ಲ ಹಂಚಿದೆ.

ಬುಧವಾರ ಅದನ್ನು ಮತ್ತೆ ಕಿಂಡಿಗೆ ಏರಿಸಿದೆವು. ರೊಟ್ಟಿ ಹಬ್ಬಕ್ಕೆ ಇನ್ನು ಎರಡೇ ದಿನ. ಅತ್ತಿ ಬೆಳಗಿನಿಂದ ಒಲೆ ಬಿಟ್ಟು ಎದ್ದಿರಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ಕ್ಲಾಸಿಗೆ ಕೂತಿದ್ದೆವು, ಹುಡುಗಿಯರು ಟೈಪು ಮಾಡುತ್ತಿದ್ದರು. ಗೆಳತಿ ನೀರು ಬೇಕೆಂದು ಅಡುಗೆಮನೆಗೆ ಹೋದಳು. ಅದೇ ಹೊತ್ತಿಗೆ ಈ ಕಡೆ ಹುಡುಗಿಯರು "ಹೋತ್ರಿ!" ಎಂದು ಕೂಗಿದರು, ಕೀಲಿಮಣೆಯ ದೀಪ ಮಿಣುಕತೊಡಗಿತು. ಅಡುಗೆಮನೆಯಿಂದ ಗೆಳತಿಯ ದೊಡ್ಡ ದನಿ ಬಂತು. "ಅತ್ತೀ, ನಿಂದರ್ರಿ! ಕೈ ಹಚ್ಚಬ್ಯಾಡ್ರಿ! ಏ, ನೀ ಲಗೂನ ಬಾ ಇಲ್ಲಿ!"

ಓಡಿದೆ. ಅತ್ತಿ ಕಿಂಡಿಯ ಮುಂದೆ ಎರಡೂ ಕೈ ಮೇಲೆತ್ತಿಕೊಂಡು, ಕದಿಯುವಾಗ ಸಿಕ್ಕವರ ಹಾಗೆ ನಿಂತಿದ್ದರು. ಯಂತ್ರದ ಬೆನ್ನಿಗೆ ಒತ್ತಿ ಇಟ್ಟಿದ್ದ ಬುಟ್ಟಿಯಲ್ಲಿ ಖಡಕ್ ರೊಟ್ಟಿಯ ಗುಡ್ಡೆ, ಪೆಟ್ಟಿಗೆಯ ನೆತ್ತಿಯ ಮೇಲೆ ಇನ್ನೊಂದು ಗುಡ್ಡೆ. ಎರಡನ್ನೂ ಕೂಡಿಸಿ ಮೇಲೊಂದು ದಪ್ಪನೆಯ ಬಿಳಿ ಧೋತರ ಹೊದಿಸಿದ್ದರು, ಹೊರಬರುವ ಬಿಸಿಗಾಳಿ ಎಲ್ಲಿಯೂ ಸೋರಿ ಹೋಗದ ಹಾಗೆ ಅಂಚನ್ನು ಮಡಚಿ ಒಳಗೆ ಸಿಕ್ಕಿಸಿದ್ದರು. ನಾನು ಪೆಟ್ಟಿಗೆ ಮುಟ್ಟಿದರೆ ಕೈ ಚುರುಗುಟ್ಟಿತು.

ಮೋಡದ ದಿನಗಳಲ್ಲಿ ಖಡಕ್ ರೊಟ್ಟಿ ಮೆತ್ತಗಾಗುತ್ತದೆ. ಮೆತ್ತಗಾದ ರೊಟ್ಟಿಯನ್ನು ಬೀಗರ ಮನೆಗೆ ಕಳಿಸಿದರೆ ಮಾನ ಉಳಿಯುವುದಿಲ್ಲ. ಯಂತ್ರದ ಬೆನ್ನಿನಿಂದ ಬರುವ ಬೆಚ್ಚನೆಯ ಗಾಳಿ ಅತ್ತಿಯ ಕಣ್ಣಿಗೆ ದೇವರೇ ಕಳಿಸಿದ್ದು. ಬೆಳಿಗ್ಗೆ ಬಡಿದದ್ದನ್ನು ಮಧ್ಯಾಹ್ನ ಅಲ್ಲಿ ಒಟ್ಟುವುದು, ಸಂಜೆ ಡಬ್ಬಿಗೆ ತುಂಬುವುದು. ಹುಡುಗಿಯರು ಕೂಗಿದ ಕೂಡಲೇ ನನಗೆ ಅಡ್ಡಿಯಾಗಬಾರದೆಂದು ಎಲ್ಲವನ್ನೂ ಸರಸರ ಎತ್ತಿಬಿಡುವುದು. ನಾನು ಆ ಕಡೆ ಹೋಗಿ ನೋಡುವುದರೊಳಗೆ ಅಲ್ಲಿ ಏನೂ ಇರುತ್ತಿರಲಿಲ್ಲ. ಸೋಮವಾರ ಅವರದು ಒಪ್ಪತ್ತು, ಗುಡಿಗೆ ಹೋಗುವ ದಿನ, ರೊಟ್ಟಿ ಬಡಿಯುತ್ತಿರಲಿಲ್ಲ.

"ಬಿಸಿಗಾಳಿ ಸುಮ್ನ ಹಾಳಾಗಾಕತ್ತಿತ್ತಲ್ಲ ಯವ್ವಾ, ಅದಕ್ಕ ಇಟ್ನಿ. ಇದರಿಂದ ಬೀಳತೈತಿ ಅಂತ ನಂಗೇನ್ ಗೊತ್ತು?" ಎಂದರು ಅತ್ತಿ. ಮುಖ ಬಿಳಿಚಿಕೊಂಡಿತ್ತು. ಗೆಳತಿಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡು ಗೋಡೆಗೆ ಒರಗಿದಳು. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ಇಬ್ಬರೂ ನಕ್ಕದ್ದು ನೋಡಿ ಅತ್ತಿಗೂ ಧೈರ್ಯ ಬಂದು ಅವರೂ ನಕ್ಕರು. ಕರ್ನಲ್ ಬೀಳಿಸಿದ ರೊಟ್ಟಿಗೆ ಶೇಂಗಾ ಹಿಂಡಿ, ಮೊಸರು ಹಚ್ಚಿಕೊಂಡು ಮೂವರೂ ತಿಂದೆವು. ಅದರಷ್ಟು ಖಡಕ್ ರೊಟ್ಟಿಯನ್ನು ನಾನು ಇವತ್ತಿನವರೆಗೆ ತಿಂದಿಲ್ಲ.

ತಿನ್ನುತ್ತ ಕೇಳಿದೆ. "ಮೊದಲ ಎಲ್ಲಿ ಒಣಗಸ್ತಿದ್ರಿ ಅತ್ತೀ, ಮೋಡ ಇದ್ದಾಗ?"

"ಪಡಸಾಲ್ಯಾಗ ಹರವತಿದ್ನಿ, ಚಾಪಿ ಹಾಕಿ. ಅಲ್ಲಿ ಗಾಳಿ ಛಲೋ ಆಡತೈತಿ" ಎಂದರು, ಹಿಂಡಿಯ ಡಬ್ಬಿ ಮುಚ್ಚುತ್ತ.

ಪಡಸಾಲೆ ಖಾಲಿ ಇರುತ್ತದೆ ಎಂದು ಮಾವ ಹೇಳಿದ್ದರು, ನಾನೂ ನಂಬಿದ್ದೆ. "ಮತ್ತ ಕ್ಲಾಸ್ ತಗೀವಾಗ ಯಾಕ ಹೇಳಲಿಲ್ರಿ?" ಎಂದೆ.

"ಹೇಳಿದ್ರ ನೀ ಕ್ಲಾಸ್ ತಗೀತಿದ್ದೇನು?" ಎಂದು ಅವರು ನೀರು ತರಲು ಎದ್ದರು. ಆ ಕ್ಷಣ ಅವರನ್ನು ಹೋಗಿ ತಬ್ಬಿಕೊಳ್ಳಬೇಕೆನಿಸಿತು. ನಮ್ಮ ಮನೆಗಳಲ್ಲಿ ಸೊಸೆ ಅತ್ತಿಯನ್ನು ತಬ್ಬಿಕೊಳ್ಳುವ ರೂಢಿ ಇಲ್ಲ. ಎದ್ದು ಹೋಗಿ ಅವರ ಕೈಯ ತಂಬಿಗೆ ಇಸಿದುಕೊಂಡೆ.

ಉಪಾಯ ಗೆಳತಿಯೇ ಮಾಡಿದಳು. ಅಡುಗೆಮನೆಯ ಜಂತಿಗೆ ಹಗ್ಗದ ನೆಲುವು ಕಟ್ಟಿ, ಬುಟ್ಟಿಯನ್ನು ಯಂತ್ರದಿಂದ ಒಂದು ಮೊಳ ದೂರ, ಸ್ವಲ್ಪ ಎತ್ತರಕ್ಕೆ ತೂಗುಹಾಕಿದಳು. ಹೊರಬಂದ ಗಾಳಿಗೆ ದಾರಿಯೂ ಆಯಿತು, ಅದು ಮೇಲೇರುವಾಗ ರೊಟ್ಟಿಗೆ ತಾಗಿಯೂ ಹೋಯಿತು. ಅತ್ತಿ ಮುಚ್ಚಲು ಧೋತರ ತಂದರು. ನಾವಿಬ್ಬರೂ ಒಟ್ಟಿಗೇ "ಬ್ಯಾಡ್ರಿ!" ಎಂದು ಚೀರಿದೆವು.

ಗುರುವಾರ ಯಂತ್ರ ಬೀಳಲಿಲ್ಲ. ಗೆಳತಿ ಒಂದು ಗಂಟು ರೊಟ್ಟಿ ಹೊತ್ತು ಇಂಡಿಯ ಬಸ್ಸು ಹತ್ತಿದಳು. ಶುಕ್ರವಾರ ರೊಟ್ಟಿ ಹಬ್ಬಕ್ಕೆ ಹುಡುಗಿಯರ ತಾಯಂದಿರು ಬುಟ್ಟಿ ಹಿಡಿದು ಬಂದರು, ತಮ್ಮ ಮಕ್ಕಳು ಕಂಪ್ಯೂಟರಿನಲ್ಲಿ ತಮ್ಮ ಹೆಸರು ಬರೆದು ತೋರಿಸಿದ್ದನ್ನು ಬಾಗಿ ಬಾಗಿ ನೋಡಿದರು. ಅಂದೂ ಬೀಳಲಿಲ್ಲ. ಪಂಚಮಿಯ ದಿನ ಕ್ಲಾಸಿಗೆ ರಜೆ, ಆದರೂ ಯಂತ್ರವನ್ನು ಬಂದ್ ಮಾಡದೆ ಹಾಗೇ ಬಿಟ್ಟು, ಹಾಲೆರೆಯಲು ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಕೀಲಿಮಣೆಯ ದೀಪ ನೋಡಿದೆ. ಮಾವ ಇದ್ಯಾವುದರ ಬಗ್ಗೆಯೂ ಏನೂ ಕೇಳಲಿಲ್ಲ. ಏನು ಲೆಕ್ಕ ಹಾಕುತ್ತಿದ್ದಾರೋ ಎಂದು ನನಗೆ ಒಳಗೇ ದಿಗಿಲು.

ಮರುದಿನ ಹುಡುಗಿಯರು ಬಂದು ಕೂತಿದ್ದರು. ನಾನು ಅಡುಗೆಮನೆಯಲ್ಲಿ ಅತ್ತಿಯವರಿಗೆ ಚಹಾ ಸೋಸಿ ಕೊಡುತ್ತಿದ್ದೆ. ಹೊರಗೆ ಮೋಟಾರ್ ಸೈಕಲ್ ನಿಂತ ಸದ್ದಾಯಿತು, ಗೊಬ್ಬರದ ಅಂಗಡಿಯವರ ದನಿ ಕೇಳಿತು. ನನ್ನ ಕೈಯಲ್ಲಿ ಚಹಾದ ಜಾಳಿಗೆ ಹಾಗೇ ನಿಂತಿತು. ಅತ್ತಿಯೂ ಕಿವಿ ಅತ್ತ ಇಟ್ಟಿದ್ದರು.

"ಏನ್ರಿ ಗೌಡ್ರ, ಹಬ್ಬಾ ಮುಗೀತು. ಪಡಸಾಲಿ ಕೀಲಿ ಇಸಕೊಂಡು ಹೋಗೂಣು ಅಂತ ಬಂದ್ನಿ."

"ಪಡಸಾಲಿ ಖಾಲಿ ಇಲ್ರಿ" ಎಂದರು ಮಾವ.

"ಹೌದೇನ್ರಿ? ಬ್ಯಾರೆದವ್ರಿಗೆ ಕೊಟ್ರೇನು?"

"ಕೊಡಾಕ ಅದು ನಂದಲ್ರಿ. ಸೊಸಿದೈತಿ. ಬೇಕಾದ್ರ ಆಕಿನ್ನ ಕೇಳ್ರಿ."

ಗೊಬ್ಬರದವರು ನಕ್ಕರು. ಸೊಸೆಯನ್ನು ಕೇಳುವ ಮಾತು ಅವರಿಗೆ ತಮಾಷೆ ಎನಿಸಿರಬೇಕು. ಮಾವ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೋಟಾರ್ ಸೈಕಲ್ ಶುರುವಾಗಿ ಓಣಿ ದಾಟಿ ಹೋಯಿತು. ಸಂತೋಷಕ್ಕೆ ನನ್ನ ಕಣ್ಣು ಮಂಜಾಗಿ ಚಹಾ ಬಟ್ಟಲಿನ ಹೊರಗೆ ಚೆಲ್ಲಿತು. ಒರೆಸುವ ಅರಿವೆ ಹುಡುಕುತ್ತ ತಿರುಗಿದರೆ ಅತ್ತಿ ನನ್ನನ್ನೇ ನೋಡುತ್ತಿದ್ದರು.

"ಕೇಳಿದೇನ?" ಎಂದರು ಮೆಲ್ಲಗೆ. "ನಾ ಈ ಮನಿಗೆ ಬಂದು ಮುದುಕಿ ಆದ್ನಿ. ಈ ಒಲಿ ಮುಂದಿನ ಜಾಗಾ ಸೈತ ನಿಂದು ಅಂತ ಒಂದಿನ ಅಂದಿಲ್ಲ ಈ ಮನಶ್ಯಾ."

ಸಿಟ್ಟಿನಿಂದ ಹೇಳಲಿಲ್ಲ. ನಗುತ್ತಲೇ ಹೇಳಿದರು, ಆದರೆ ಅದು ಪೂರ್ತಿ ನಗುವೂ ಅಲ್ಲ. ಅವರೇ ನನ್ನ ಕೈಯಿಂದ ಜಾಳಿಗೆ ತೆಗೆದುಕೊಂಡು, ಚೆಲ್ಲಿದ್ದನ್ನು ತಮ್ಮ ಸೆರಗಿನಿಂದ ಒರೆಸಿದರು.

"ಹೋಗು ಯವ್ವಾ" ಎಂದರು. "ನಿನ್ನ ಪಡಸಾಲ್ಯಾಗ ಹುಡುಗ್ಯಾರು ಹಾದಿ ಕಾಯಾಕತ್ತಾರ."